ನಂಬರ್ ಪ್ಯಾಡ್‌ನ ಚುಕ್ಕಿ ಕೋಮಾ ಆಗುವುದು, 12.5 ಕೆಜಿ ತಾರೀಕಾಗುವುದು

ಅಣ್ಣಾ, ನಿಮ್ಮ ತೊಂದರೆ ಇಷ್ಟು ಅಲ್ವಾ? ಮಗ ಜರ್ಮನಿಯಿಂದ ತಂದುಕೊಟ್ಟ ಲ್ಯಾಪ್‌ಟಾಪಿನಲ್ಲಿ ಅಡಿಕೆ ತೂಕ ಬರೆಯುತ್ತಿದ್ದೀರಿ. ಬಲಗಡೆಯ ನಂಬರ್ ಪ್ಯಾಡ್‌ನಲ್ಲಿ ಚುಕ್ಕಿ ಒತ್ತಿದರೆ ಕೋಮಾ ಬೀಳುತ್ತದೆ. ಅಕ್ಷರಗಳ ಕಡೆಯ ಚುಕ್ಕಿ ಒತ್ತಿ 12.5 ಅಂತ ಹೊಡೆದರೆ ಎಕ್ಸೆಲ್ ಅದನ್ನು ಮೇ 12 ಮಾಡಿಬಿಡುತ್ತದೆ. ಮೇಲೆ ಯಾರೋ ಹೊಸ ಕೀಬೋರ್ಡ್ ತಗೊಳ್ಳಿ ಅಂದಿದ್ದಾರೆ. ಸುಮ್ನೆ ದುಡ್ಡು ದಂಡ. ಕೀಬೋರ್ಡ್ ಕೆಟ್ಟಿಲ್ಲ.

ಜರ್ಮನಿಯಲ್ಲಿ ದಶಾಂಶಕ್ಕೆ ಕೋಮಾ ಹಾಕುತ್ತಾರೆ, ಸಾವಿರ ಬಿಡಿಸುವುದಕ್ಕೆ ಚುಕ್ಕಿ. ನಮ್ಮದಕ್ಕೆ ಪೂರಾ ಉಲ್ಟಾ. ಎರಡೂ ಸರಿಯೇ. ತೂಕ-ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯೇ 2003ರಲ್ಲಿ ಚುಕ್ಕಿಯೂ ಆಗಬಹುದು, ಕೋಮಾವೂ ಆಗಬಹುದು ಎಂದು ಠರಾವು ಮಾಡಿದೆ. ಆದರೆ ಅಡಿಕೆ ಮಂಡಿಯ ಚೀಟಿಗೆ ನಮ್ಮ ರೀತಿಯೇ ಬೇಕು.

ಲ್ಯಾಪ್‌ಟಾಪಿನಲ್ಲಿ ಎರಡು ಬೇರೆ ಬೇರೆ ಸೆಟ್ಟಿಂಗ್ ಇವೆ. ಯಾವ ಕೀಲಿ ಒತ್ತಿದರೆ ಯಾವ ಗುರುತು ಬೀಳಬೇಕು ಎನ್ನುವುದು ಕೀಬೋರ್ಡ್ ಲೇಔಟ್. ಬಿದ್ದ ಗುರುತನ್ನು ಹೇಗೆ ಓದಬೇಕು ಎನ್ನುವುದು ರೀಜನ್. ಮೊದಲು ನೋಟ್‌ಪ್ಯಾಡ್ ತೆರೆದು ನಂಬರ್ ಪ್ಯಾಡ್‌ನ ಚುಕ್ಕಿ ಒತ್ತಿ ನೋಡಿ. ಏನೂ ಬೀಳದಿದ್ದರೆ ನಮ್ ಲಾಕ್ (Num Lock) ಆಫ್ ಆಗಿದೆ, ಆಗ ಅದು ಡಿಲೀಟ್ ಕೀಲಿ. ಕೋಮಾ ಬಿದ್ದರೆ ಲೇಔಟ್ ಜರ್ಮನ್. ಇನ್ನೊಂದು ಗುರುತೂ ಇದೆ: ವೈ ಒತ್ತಿದರೆ ಝಡ್ ಬೀಳುತ್ತದೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿ ಇಂಗ್ಲಿಷ್ ಲೇಔಟ್ ಆರಿಸಿ. ಆ ಪಟ್ಟಿಯಲ್ಲಿ ಇಂಗ್ಲಿಷ್ ಇಲ್ಲದಿದ್ದರೆ ಭಾಷೆಯ ಸೆಟ್ಟಿಂಗ್‌ನಲ್ಲಿ ಸೇರಿಸಿಕೊಳ್ಳಬೇಕು.

ಇಷ್ಟಕ್ಕೇ ಬಿಟ್ಟರೆ ಅಪಾಯ. ರೀಜನ್ ಇನ್ನೂ ಜರ್ಮನಿಯದ್ದೇ ಇರುತ್ತದೆ. ಅಕ್ಷರಗಳ ಕಡೆಯ ಚುಕ್ಕಿಯಿಂದ 48.250 ಕೆಜಿ ಅಂತ ಹೊಡೆದಿರಿ ಅಥವಾ ವಾಟ್ಸಾಪ್‌ನಿಂದ ತಂದು ಅಂಟಿಸಿದಿರಿ ಅಂದುಕೊಳ್ಳಿ. ಎಕ್ಸೆಲ್ ಆ ಚುಕ್ಕಿಯನ್ನು ಸಾವಿರದ ಗುರುತು ಎಂದು ಓದಿ 48250 ಎಂದು ಇಟ್ಟುಕೊಳ್ಳುತ್ತದೆ. ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ನಮ್ಮ ಕಣ್ಣಿಗೆ 48250 ಅಂದರೆ ರಾಶಿ ಅಡಿಕೆಯ ಕ್ವಿಂಟಾಲ್ ದರದಂತೆಯೇ ಕಾಣುತ್ತದೆ, ಅನುಮಾನವೂ ಬರುವುದಿಲ್ಲ! ಕೀಲಿ ಬದಲಾಯಿಸುವ ಸಣ್ಣ ಆ್ಯಪ್ ಹಾಕಿಕೊಳ್ಳಿ ಎಂಬ ಸಲಹೆಯನ್ನು ನಾನು ಒಪ್ಪದಿರುವುದು ಇದಕ್ಕೇ. ಓದುವ ರೀತಿ ಹಾಗೇ ಉಳಿಯುತ್ತದೆ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನ್ ತೆರೆಯಿರಿ. ಫಾರ್ಮ್ಯಾಟ್ ಜಾಗದಲ್ಲಿ 'ಇಂಗ್ಲಿಷ್ (ಇಂಡಿಯಾ)' ಆರಿಸಿ. ಕೆಳಗೆ 'ಅಡಿಷನಲ್ ಸೆಟ್ಟಿಂಗ್ಸ್' ಒತ್ತಿ, ಡೆಸಿಮಲ್ ಸಿಂಬಲ್ ಚುಕ್ಕಿ, ಡಿಜಿಟ್ ಗ್ರೂಪಿಂಗ್ ಸಿಂಬಲ್ ಕೋಮಾ ಇದೆಯಾ ನೋಡಿಕೊಳ್ಳಿ. ಗ್ರೂಪಿಂಗ್ 12,34,56,789 ಎಂದಿರಲಿ, ಆಗ ಲಕ್ಷದ ಲೆಕ್ಕ ನಮ್ಮಂತೆ ಕಾಣುತ್ತದೆ. ಎಕ್ಸೆಲ್ ಮುಚ್ಚಿ ಮತ್ತೆ ತೆರೆಯಿರಿ. ಆಮೇಲೂ ಕೋಮಾ ಬಂದರೆ ಎಕ್ಸೆಲ್‌ನ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್‌ಗೆ ಹೋಗಿ 'ಯೂಸ್ ಸಿಸ್ಟಮ್ ಸೆಪರೇಟರ್ಸ್' ಎಂಬಲ್ಲಿ ಟಿಕ್ ಹಾಕಿ.

ಲಿಬ್ರೆ ಆಫೀಸ್ ಬಳಸುವವರಿಗೆ ಇನ್ನೂ ಸುಲಭ. ಟೂಲ್ಸ್, ಆಪ್ಷನ್ಸ್, ಅಲ್ಲಿ ಭಾಷೆಯ ಸೆಟ್ಟಿಂಗ್. ಲೊಕೇಲ್, ಅಂದರೆ ಯಾವ ದೇಶದ ರೀತಿ ಎನ್ನುವುದನ್ನು, 'ಇಂಗ್ಲಿಷ್ (ಇಂಡಿಯಾ)' ಮಾಡಿ, 'ಡೆಸಿಮಲ್ ಸೆಪರೇಟರ್ ಕೀ' ಎದುರು ಟಿಕ್ ಹಾಕಿ. ಕೀಬೋರ್ಡ್ ಯಾವ ದೇಶದ್ದಾದರೂ ನಂಬರ್ ಪ್ಯಾಡ್‌ನ ಆ ಕೀಲಿ ಚುಕ್ಕಿಯನ್ನೇ ಕೊಡುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಲೊಕೇಲ್ ಇರುವುದು ಫೈಲ್‌ಗೆ ಸೇರಿದಂತೆ, ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ. ಅಲ್ಲಿ ಬದಲಾಯಿಸಿದರೆ ಆ ಶೀಟ್ ಹಂಚಿಕೊಂಡ ಎಲ್ಲರಿಗೂ ಬದಲಾಗುತ್ತದೆ, ಮಗನಿಗೆ ಒಂದು ಮಾತು ಹೇಳಿ ಮಾಡಿ.

ಇನ್ನು ಹಳೆಯ ಲೆಕ್ಕ. ಜಾಸ್ತಿ ಕೆಲಸ ಇರುವುದು ಇಲ್ಲೇ. ಕೋಮಾ ಹಾಕಿ 12,5 ಅಂತ ಬರೆದಿದ್ದೆಲ್ಲ ಒಳಗೆ ಸರಿಯಾದ ಸಂಖ್ಯೆಯಾಗಿಯೇ ಕೂತಿದೆ. ರೀಜನ್ ಬದಲಾದ ಕೂಡಲೇ ತಾನಾಗಿ 12.5 ಎಂದು ಕಾಣುತ್ತದೆ, ಅದನ್ನು ಮುಟ್ಟಬೇಡಿ. ತಾರೀಕಾಗಿ ಹೋದದ್ದು ಮಾತ್ರ ತಾರೀಕಾಗಿಯೇ ಉಳಿಯುತ್ತದೆ. ಫಾರ್ಮ್ಯಾಟ್ ನಂಬರ್ ಮಾಡಿದರೆ ತೂಕ ವಾಪಸ್ ಬರುವುದಿಲ್ಲ. 2025ರ ಮೇ 12 ಆಗಿದ್ದರೆ 45789 ಬರುತ್ತದೆ. ಎಕ್ಸೆಲ್ 1900ರಿಂದ ದಿನ ಎಣಿಸಿಕೊಂಡು ಬಂದ ಲೆಕ್ಕ ಅದು. ಇದೂ ದರದ ಹಾಗೇ ಕಾಣುತ್ತದೆ ನೋಡಿ. ದಿನ ಮತ್ತು ತಿಂಗಳು ಹಿಡಿದು ಸೂತ್ರ ಹಾಕಿ ತಿರುಗಿಸಬಹುದು ಅನ್ನಿಸೀತು. ಆದರೆ 12.5 ಕೂಡ ಮೇ 12, 12.05 ಕೂಡ ಮೇ 12. ಯಾವುದಾಗಿತ್ತು ಎಂದು ಸೂತ್ರಕ್ಕೆ ಗೊತ್ತಾಗುವುದಿಲ್ಲ. ತೂಕದ ಚೀಟಿ ಹಿಡಿದುಕೊಂಡು ಕೈಯಲ್ಲೇ ಮತ್ತೆ ಹೊಡೆಯಿರಿ.

48.2 ತರಹದ್ದು ತಾರೀಕಾಗುವುದಿಲ್ಲ, ತಿಂಗಳಿಗೆ 48ನೇ ದಿನ ಇಲ್ಲವಲ್ಲ. ಅದು ಬರೀ ಅಕ್ಷರವಾಗಿ ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತದೆ. ಸಮ್ ಸೂತ್ರ ಇಂಥದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಹಾಗಾಗಿ ಒಟ್ಟು ತೂಕ ಕಮ್ಮಿ ಬರುತ್ತದೆ. ಕಾಲಂ ಮೇಲೆ ಕಣ್ಣಾಡಿಸಿ ಎಡಕ್ಕೆ ನಿಂತವನ್ನು ಸರಿಮಾಡಿ. ಆಮೇಲೆ ತೂಕದ ಕಾಲಂಗೆ ಫಿಲ್ಟರ್ ಹಾಕಿ 1000ಕ್ಕಿಂತ ದೊಡ್ಡದನ್ನು ಹುಡುಕಿ. ಒಂದು ಚೀಲದಲ್ಲಿ ಅಷ್ಟು ಅಡಿಕೆ ಹಿಡಿಯುವುದಿಲ್ಲ. ಸಿಕ್ಕಿದ್ದರಲ್ಲಿ ಚೀಟಿಗೆ ಹೊಂದುವುದನ್ನು 1000ದಿಂದ ಭಾಗಿಸಿದರೆ ಸಾಕು.

ಬೆಟ್ಟೆ, ಗೊರಬಲು ತರದ ಅಡಿಕೆಯ ಲೆಕ್ಕ ಬೇರೆ ಶೀಟಿನಲ್ಲಿ ಇಟ್ಟಿದ್ದರೆ ಅವುಗಳಿಗೂ ಇದೇ ಫಿಲ್ಟರ್ ಹಾಕಿ. ಮಂಡಿಗೆ ಲೆಕ್ಕ ಕಳಿಸುವ ಮೊದಲು ಒಟ್ಟು ಎಷ್ಟು ಬಂತು ಅಂತ ಇಲ್ಲಿ ಹಾಕಿ, ನೋಡುವಾ.