ಮೊದಲು ಬಾವಿ, ಆಮೇಲೆ ಮೂರ್ತಿ

(ಸುರಪುರ ತಾಲ್ಲೂಕಿನ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ವಾಗಣಗೇರಾ ಕೋಟೆಯ ಬಳಿ, ಅಲ್ಲಿ ಔರಂಗಜೇಬನನ್ನು ಎದುರಿಸಿದ ಬೇಡರ ದೊರೆ ಪಿಡ್ಡನಾಯಕನ ದೊಡ್ಡ ಮೂರ್ತಿ, ಸ್ವಾಗತ ಕಮಾನು, ಧ್ವನಿ-ಬೆಳಕಿನ ಪ್ರದರ್ಶನ ಆಗಬೇಕು, ಪತ್ರಿಕೆ ಇದಕ್ಕೆ ದನಿಗೂಡಿಸಬೇಕು ಎನ್ನುತ್ತಾರೆ. ಹೋದ ಸಂಚಿಕೆಯಲ್ಲಿ ನಾವು ‘ಔರಂಗಜೇಬ ಗೆದ್ದ’ ಎಂದು ಬರೆದದ್ದಕ್ಕೆ ಸಿಟ್ಟೂ ಇದೆ. ಕೊನೆಗೆ ಒಂದು ಸಾಲು: ಹೊಲ ಹರಗುವಾಗ ಸಿಕ್ಕ ಸೀಸದ ಗುಂಡುಗಳನ್ನು ಶಾಲೆಯ ಹುಡುಗರು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದಾರಂತೆ.)

ಮಾಸ್ತರರೇ, ಶರಣು.

ಮೊದಲು ನಿಮ್ಮ ಸಿಟ್ಟಿನ ಮಾತು. ಅದು ನ್ಯಾಯವಾದದ್ದೇ. 1705ರ ಫೆಬ್ರುವರಿಯಲ್ಲಿ ಮೊಘಲ್ ಬಾದಶಹ ಔರಂಗಜೇಬ ತಾನೇ ಬಂದು ವಾಗಣಗೇರಾದ ಮುಂದೆ ಡೇರೆ ಹಾಕಿದ. ಆಗ ಅವನಿಗೆ 86 ವರ್ಷ. ಅವನ ಸೈನಿಕರು ಲಾಲ್ ಟೇಕ್ರಿ ಎಂಬ ದಿನ್ನೆಯನ್ನು ಹಿಡಿದರು, ಬೇಡರು ಬಂದೂಕು ಹಿಡಿದು ಅವರನ್ನು ಕೆಳಗಿಳಿಸಿದರು. ಧನಾಜಿ ಜಾಧವ್ ಮರಾಠರ ದಂಡು ಕಟ್ಟಿಕೊಂಡು ಬೇಡರ ನೆರವಿಗೆ ಬಂದ. ಪಿಡ್ಡನಾಯಕ ಸಂಧಾನದ ಮಾತಾಡುತ್ತಾ ದಿನ ತಳ್ಳಿದ. ಕೊನೆಗೆ ಮೊಘಲ್ ಸೇನಾನಿ ಜುಲ್ಫಿಕರ್ ಖಾನ್ ಬಂದು, ಕೋಟೆಯವರು ನೀರು ಸೇದುತ್ತಿದ್ದ ಬಾವಿಗಳನ್ನೇ ವಶಮಾಡಿಕೊಂಡ. ಏಪ್ರಿಲ್ ತಿಂಗಳು, ನಮ್ಮ ಬಿಸಿಲು. ಬಾವಿ ಹೋದ ಮೇಲೆ ಎಷ್ಟು ದಿನ ತಡೆಯಲಾದೀತು? ನಾಯಕ ಮನೆಗಳಿಗೆ ಬೆಂಕಿ ಹಚ್ಚಿಸಿ, ರಾತ್ರೋರಾತ್ರಿ ತನ್ನವರೊಂದಿಗೆ ಪಾರಾದ. ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ಅದೇ ಔರಂಗಜೇಬನ ಕೊನೆಯ ಮುತ್ತಿಗೆ. ಅಲ್ಲಿಂದ ಅವನು ಪಕ್ಕದ ದೇವಾಪುರಕ್ಕೆ ಹೋಗಿ ಕಾಯಿಲೆ ಬಿದ್ದ. 1707ರಲ್ಲಿ ತೀರಿಕೊಂಡ. ಹೀಗಿರುವಾಗ ‘ಗೆದ್ದ’ ಎಂಬ ಒಂದೇ ಪದ ಸಾಲದು, ತಪ್ಪು ನಮ್ಮದು.

ಇನ್ನು ಮೂರ್ತಿ. ನಾನು ಬೇಡ ಅನ್ನುತ್ತಿಲ್ಲ. ಆದರೆ ಎಲ್ಲಿ ನಿಲ್ಲಿಸುತ್ತೀರಿ? ಇಂಗ್ಲೆಂಡಿನ ಬಾಸ್‌ವರ್ತ್‌ನಲ್ಲಿ 1485ರ ಕದನಕ್ಕೆ ಬೆಟ್ಟದ ಮೇಲೆ ಮಾಹಿತಿ ಕೇಂದ್ರ ಕಟ್ಟಿದರು, ಜನ ವರ್ಷಗಟ್ಟಲೆ ಬಂದು ನೋಡಿದರು. ಆಮೇಲೆ ಸಂಶೋಧಕರು ಹೊಲಗಳನ್ನು ಶೋಧಿಸಿ ಸೀಸದ ಗುಂಡುಗಳು ಬಿದ್ದ ಜಾಗ ಗುರುತಿಸಿದರು. ನಿಜವಾದ ರಣಭೂಮಿ ಅಲ್ಲಿಂದ ಸುಮಾರು 3 ಕಿ.ಮೀ. ಆಚೆಗಿತ್ತು! ಅಷ್ಟು ದುಡ್ಡು, ಅಷ್ಟು ಓದು ಇದ್ದವರೇ ಹೀಗೆ ಎಡವಿದರು. ನಾವು ಕಮಾನು ಕಟ್ಟಲು ಜೆಸಿಬಿ ತಂದರೆ ಗುರುತೇ ಉಳಿಯುವುದಿಲ್ಲ, ಅಲ್ವಾ?

ನಮ್ಮ ಕಾನೂನಿನಲ್ಲೂ ಒಂದು ತೊಡಕಿದೆ. ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್‌ನಲ್ಲಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ನಲ್ಲಿ ಅನುಮತಿ ಬೇಕು. ಅದು ಸ್ಮಾರಕದ ರಕ್ಷಿತ ಗಡಿಯಿಂದ ಅಳೆಯುವ ಲೆಕ್ಕ. ಕಾಳಗ ನಡೆದದ್ದು ಗೋಡೆಯ ಮೇಲಷ್ಟೇ ಅಲ್ಲ. ದಿನ್ನೆ, ಬಾವಿ, ಡೇರೆ ಹಾಕಿದ ಬಯಲು ಎಲ್ಲವೂ ರಣಭೂಮಿಯೇ. ಅಲ್ಲಿ ಈಗ ಯಾರದೋ ತೊಗರಿ ಇದೆ, ಹತ್ತಿ ಇದೆ. ರೈತರ ಹೊಲ ಕಿತ್ತುಕೊಳ್ಳಿ ಎಂದು ನಾನಂತೂ ಹೇಳಲಾರೆ. ಉಳುಮೆ ನಡೆಯಲಿ. ಪ್ಲಾಟ್ ಆಗದಿದ್ದರೆ, ಗುಡ್ಡ ಒಡೆಯದಿದ್ದರೆ ಸಾಕು.

ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ 1863ರ ಯುದ್ಧದ ಕಾಲಕ್ಕೆ ಬಯಲಾಗಿದ್ದ ಕಡೆ ಬೆಳೆದ ಮರಗಳನ್ನು ಕಡಿಸಿದರು. ಯಾವ ಫಿರಂಗಿ ಎಲ್ಲಿಗೆ ಗುರಿಯಿಟ್ಟಿತ್ತು ಎಂದು ನೋಡುವವರಿಗೆ ತಿಳಿಯಲಿ ಎಂದು. ನಮ್ಮ ಕಡೆ ಇಷ್ಟಕ್ಕೆ ಕೋಟಿ ರೂಪಾಯಿ ಬೇಡ. ಬಳ್ಳಾರಿ ಜಾಲಿ ಕಡಿದರಾಯಿತು. ಕೋಟೆಯ ಹುಡೇವಿನ (ಬುರುಜಿನ) ಮೇಲೆ ನಿಂತ ಹುಡುಗನಿಗೆ ದಿನ್ನೆ ಕಾಣಬೇಕು, ಬಾವಿ ಕಾಣಬೇಕು. ‘ಇಷ್ಟು ದೂರ ನೀರಿಗೆ ಹೋಗಬೇಕಿತ್ತಾ?’ ಎಂದು ಅವನೇ ಕೇಳುತ್ತಾನೆ. ನನಗೆ ಕೇಳಿದರೆ ಮೊದಲ ಫಲಕ ಬಾವಿಯ ಹತ್ತಿರ ನಿಲ್ಲಬೇಕು. ಎರಡೂ ಕಡೆಯವರ ಕಥೆ ಅದರಲ್ಲಿರಲಿ. ಅಮೆರಿಕದಲ್ಲೇ ಕಸ್ಟರ್ ಎಂಬ ಸೇನಾಧಿಕಾರಿಯ ಹೆಸರಿದ್ದ ರಣಭೂಮಿಗೆ 1991ರಲ್ಲಿ ಅಲ್ಲಿನ ನದಿಯ ಹೆಸರಿಟ್ಟರು. ಅವನ ವಿರುದ್ಧ ಹೋರಾಡಿದ ಮೂಲನಿವಾಸಿಗಳ ಸ್ಮಾರಕ ಅಲ್ಲಿ ಎದ್ದದ್ದು 2003ರಲ್ಲಿ. ನಾವು ಅಷ್ಟು ತಡ ಮಾಡುವುದು ಬೇಡ.

ಧ್ವನಿ-ಬೆಳಕಿನ ವಿಷಯ ಸದ್ಯ ಬಿಡಿ. ಎರಡು ಮಳೆಗಾಲಕ್ಕೆ ತಂತಿ ಕೆಟ್ಟು ಕೂರುತ್ತದೆ.

ಈಗ ಆ ಡಬ್ಬಿ. ಹುಡುಗರನ್ನು ಬೈಯಬೇಡಿ. ಆದರೆ ಇನ್ನು ಮುಂದೆ ಸುಮ್ನೆ ಹೆಕ್ಕುವುದು ಬೇಡ ಎನ್ನಿ. ಗುಂಡು ಬಿದ್ದ ಜಾಗ ಗೊತ್ತಿದ್ದರೆ ಯಾರು ಎಲ್ಲಿಂದ ಹೊಡೆದರು ಎಂದು ಊಹಿಸಬಹುದು. ಡಬ್ಬಿಗೆ ಬಿದ್ದ ಮೇಲೆ ಅದು ಬರೀ ಸೀಸ. ಯಾವ ಗುಂಡು ಯಾವ ಹೊಲದ್ದು, ಬದುವಿನಿಂದ ಎಷ್ಟು ಹೆಜ್ಜೆ ಎಂದು ನೆನಪಿರುವಾಗಲೇ ಅವರಿಂದ ಬರೆಸಿ. ನಂತರ ಪುರಾತತ್ವ ಇಲಾಖೆಗೆ ತಿಳಿಸೋಣ, ನಾನೂ ಜೊತೆಗೆ ಬರುತ್ತೇನೆ. ನಿಧಿಗಳ್ಳರ ಕಿವಿಗೆ ಬೀಳುವ ಮೊದಲೇ ಇದಾಗಬೇಕು, ಅದಕ್ಕೇ ನಿಮ್ಮ ಊರಿನ ಹೆಸರನ್ನು ಇಲ್ಲಿ ಅಚ್ಚು ಹಾಕಿಲ್ಲ.

— ಸಂಪಾದಕ, ಕಲಬುರಗಿ