ವಿಎಂಸಿಯನ್ನು ನೆಟ್‌ವರ್ಕಿಗೆ ಸೇರಿಸುವ ಮುಂಚೆ

ಸರ್, ಫ್ಯಾನುಕ್ ಕಂಪನಿಯ ಕಂಟ್ರೋಲ್ (ಮೆಷಿನ್ ನಡೆಸುವ ಕಂಪ್ಯೂಟರ್) ಇರುವ ವಿಎಂಸಿಗೆ, ಅಂದರೆ ಪ್ರೋಗ್ರಾಂ ಪ್ರಕಾರ ಲೋಹ ಕೊರೆಯುವ ಮೆಷಿನ್‌ಗೆ, ಆಫೀಸ್ ವೈಫೈ ರೂಟರ್‌ನಿಂದ ಕೇಬಲ್ ಎಳೆದು ಪ್ರೋಗ್ರಾಂ ಕಳಿಸಬಹುದಾ, ರಾತ್ರಿ ಮನೆಯಿಂದಲೇ ಕ್ಯಾಮೆರಾ ನೋಡಿಕೊಂಡು ಮೆಷಿನ್ ಓಡಿಸುವ ಸೈಕಲ್ ಸ್ಟಾರ್ಟ್ ಕೊಡಬಹುದಾ ಎಂದು ಕೇಳಿದ್ದೀರಿ. ಪ್ರೋಗ್ರಾಂ ಕಳಿಸಿ, ಆದರೆ ಆ ರೂಟರ್‌ನಿಂದ ಬೇಡ. ಸ್ಟಾರ್ಟ್ ಮಾತ್ರ ಯಾವ ಕಾರಣಕ್ಕೂ ಬೇಡ. ಟೇಬಲ್ ಹಿಂದೆ ಬಗ್ಗಿ ಚಿಪ್ಸ್ (ಕೊರೆದ ಲೋಹದ ಸಿಪ್ಪೆ) ಎಳೆಯುತ್ತಿರುವವನು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಸ್ಟಾರ್ಟ್ ಬಟನ್ ಮೆಷಿನ್ ಮುಂದೆ ನಿಂತವರ ಕೈಯಲ್ಲೇ ಇರಬೇಕು.

ಹೊರಗಿನ ಕಂಪ್ಯೂಟರ್ ಕಂಟ್ರೋಲ್ ಜೊತೆ ಮಾತಾಡುವ ಫ್ಯಾನುಕ್‌ನ ಫೋಕಸ್ ಸಂಪರ್ಕ ಸಾಮಾನ್ಯವಾಗಿ ಟಿಸಿಪಿ ಪೋರ್ಟ್ 8193ರಲ್ಲಿರುತ್ತದೆ. ಹಳೆಯ ಕಂಟ್ರೋಲ್‌ಗಳು ಅಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ. ಅದೇ ವೈಫೈ ಹಿಡಿದ ಯಾವ ಲ್ಯಾಪ್‌ಟಾಪ್ ಬೇಕಾದರೂ ಟೂಲ್ ಆಫ್‌ಸೆಟ್ (ಕಂಟ್ರೋಲ್‌ನಲ್ಲಿ ಬರೆದಿಟ್ಟ ಟೂಲಿನ ಅಳತೆ) ಓದಬಹುದು, ಬದಲಿಸಲೂಬಹುದು. ಟೂಲಿನ ಉದ್ದ ಹೇಳುವ ಎಚ್ ಆಫ್‌ಸೆಟ್ 10 ಮಿ.ಮೀ. ತಪ್ಪಿದರೆ ಟೂಲ್ ಅತಿವೇಗದ ರ‍್ಯಾಪಿಡ್‌ನಲ್ಲೇ ವೈಸ್‌ಗೆ (ಲೋಹದ ತುಂಡನ್ನು ಹಿಡಿದಿಡುವ ಇಕ್ಕಳ) ಹೊಡೆಯಬಹುದು, ಮುರಿದ ಕಾರ್ಬೈಡ್ ಚೂರು ಆಪರೇಟರ್ ಕಡೆಗೇ ಹಾರಬಹುದು.

ಹಳೆಯ ಪಿಸಿ ಒಂದಕ್ಕೆ ಎರಡು ಲ್ಯಾನ್ ಕಾರ್ಡ್ ಹಾಕಿ, ಒಂದು ಆಫೀಸಿಗೆ, ಇನ್ನೊಂದು ಮೆಷಿನ್‌ಗೆ. ಮೆಷಿನ್ ಕಡೆಯ ಕಾರ್ಡ್ 192.168.50.1, ಕಂಟ್ರೋಲ್ 192.168.50.10, ಮಾಸ್ಕ್ 255.255.255.0. ಕಂಟ್ರೋಲ್‌ನ ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ದಾರಿ) ಜಾಗ ಖಾಲಿ ಬಿಡಿ. ಪಿಸಿಯಲ್ಲಿ ಫೈಲ್ ಕೊಡುವ ಎಫ್‌ಟಿಪಿ ಸರ್ವರ್ ಇಟ್ಟು, ಫೋಲ್ಡರನ್ನು ಕಂಟ್ರೋಲ್‌ಗೆ ಓದಲು ಮಾತ್ರ ಕೊಡಿ. ಫೈರ್‌ವಾಲ್‌ನಲ್ಲಿ ಅದೊಂದು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿ. ಪ್ರೋಗ್ರಾಮನ್ನು ಆಪರೇಟರ್ ತಾನೇ ಎಳೆದುಕೊಳ್ಳಲಿ. ಈ ಏರ್ಪಾಟು ಹಾಳಾಗುವುದು ಹೆಚ್ಚಾಗಿ ಒಂದೇ ರೀತಿ: ಅನುಕೂಲಕ್ಕೆಂದು ಯಾರೋ ಎರಡೂ ಕಾರ್ಡುಗಳನ್ನು ಬ್ರಿಡ್ಜ್ ಮಾಡಿ ಎರಡು ನೆಟ್‌ವರ್ಕನ್ನೂ ಒಂದಾಗಿಸಿಬಿಡುತ್ತಾರೆ.

ಇಂಟರ್ನೆಟ್ ಇಲ್ಲ ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. 2018ರ ಆಗಸ್ಟಿನಲ್ಲಿ ತೈವಾನಿನ ಟಿಎಸ್‌ಎಂಸಿ ಚಿಪ್ ಕಾರ್ಖಾನೆಗಳಿಗೆ ವನ್ನಾಕ್ರೈ ತಳಿಯ ವೈರಸ್ ನುಗ್ಗಿದ್ದು, ಸ್ಕ್ಯಾನ್ ಮಾಡದೆ ಜೋಡಿಸಿದ ಹೊಸ ಯಂತ್ರದ ಮೂಲಕ. ಸರ್ವೀಸ್‌ಗೆ ಬಂದವರ ಲ್ಯಾಪ್‌ಟಾಪ್, ಪೆನ್‌ಡ್ರೈವ್ ಎರಡನ್ನೂ ಮೊದಲು ಸ್ಕ್ಯಾನ್ ಮಾಡಿಸಿ.

ಹೊಸ ಪ್ರೋಗ್ರಾಂ ಬಂದಾಗ ಇಡೀ ಪ್ರೋಗ್ರಾಮನ್ನೇ ಸರಿಸುವ ಇಎಕ್ಸ್‌ಟಿ ಆಫ್‌ಸೆಟ್‌ನ ಝಡ್‌ಗೆ (ಮೇಲೆ-ಕೆಳಗಿನ ಅಕ್ಷ) +100 ಮಿ.ಮೀ. ಹಾಕಿ, ಒಂದೊಂದೇ ಸಾಲು ಓಡಿಸುವ ಸಿಂಗಲ್ ಬ್ಲಾಕ್ ಆನ್ ಮಾಡಿ, ರ‍್ಯಾಪಿಡ್ 25 ಶೇಕಡಾಕ್ಕೆ ಇಳಿಸಿ ಗಾಳಿಯಲ್ಲೇ ಓಡಿಸಿ. ಅಕ್ಷ ಮಿತಿ ದಾಟಿತು ಎನ್ನುವ ಓವರ್‌ಟ್ರಾವೆಲ್ ಅಲಾರಂ ಬಂದರೆ +100 ಬದಲು 50 ಸಾಕು. ಪ್ರೋಗ್ರಾಂ ತಿದ್ದದಂತೆ ತಡೆಯುವ ಮೆಮೊರಿ ಪ್ರೊಟೆಕ್ಟ್ ಕೀ ಪ್ಯಾನಲ್‌ನಲ್ಲೇ ನೇತಾಡುವುದು ಬೇಡ, ತೆಗೆದಿಡಿ.

ನಿಮ್ಮ ಫೋಟೋದಲ್ಲಿ ಬಾಗಿಲು ತೆರೆದರೆ ಮೆಷಿನ್ ಓಡದಂತೆ ತಡೆಯುವ ಇಂಟರ್‌ಲಾಕ್ ಸ್ವಿಚ್ಚಿಗೆ ಬೇರೊಂದು ಕೀ ಸಿಕ್ಕಿಸಿರುವುದು ಕಾಣುತ್ತಿದೆ. ದಯವಿಟ್ಟು ಇವತ್ತೇ ತೆಗೆಯಿರಿ. ನೆಟ್‌ವರ್ಕ್ ಎಷ್ಟೇ ಭದ್ರವಾಗಿದ್ದರೂ ಆ ಬಾಗಿಲು ತೆರೆದಿದ್ದರೆ ಕೈ ಉಳಿಯುವುದಿಲ್ಲ. ಎಮರ್ಜೆನ್ಸಿ ಸ್ಟಾಪ್ ಕೂಡ ವೈರಿನಲ್ಲೇ ಸೇಫ್ಟಿ ರಿಲೇಗೆ ಹೋಗಬೇಕು, ಮೊಬೈಲ್ ಆ್ಯಪಿನ ಬಟನ್ ಅದರ ಬದಲಿಯಲ್ಲ. ತಿರುಗುವ ಸ್ಪಿಂಡಲ್ ಬಳಿ ಗ್ಲೌಸ್ ಬೇಡ. ಝಡ್ ಮೋಟರ್ ಬಿಚ್ಚುವುದಿದ್ದರೆ ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಹೆಡ್ ಕೆಳಗೆ ಮರದ ದಿಮ್ಮಿ ಕೊಟ್ಟು, ಡ್ರೈವ್‌ನ ಚಾರ್ಜ್ ದೀಪ ಆರುವವರೆಗೆ ಕಾಯಿರಿ.

ಕೇಬಲ್ ಹಾಕುವ ಮುಂಚೆ ಎಸ್‌ರಾಮ್ (ಪ್ಯಾರಾಮೀಟರ್ ಅಂದರೆ ಮೆಷಿನ್ ಸೆಟ್ಟಿಂಗ್‌ಗಳಿರುವ ಮೆಮೊರಿ) ಬ್ಯಾಕಪ್ ತೆಗೆದುಕೊಳ್ಳಿ: ಬಲತುದಿಯ ಎರಡು ಸಾಫ್ಟ್‌ಕೀ ಒತ್ತಿ ಹಿಡಿದು ಪವರ್ ಆನ್ ಮಾಡಿದರೆ ಬೂಟ್ ಸ್ಕ್ರೀನ್ ಬರುತ್ತದೆ, ಅಲ್ಲಿಂದ ಮೆಮೊರಿ ಕಾರ್ಡಿಗೆ. ಕಂಟ್ರೋಲ್ ಬ್ಯಾಟರಿ ಬದಲಿಸುವಾಗ ಪವರ್ ಆನ್‌ನಲ್ಲೇ ಇರಲಿ, ಇಲ್ಲದಿದ್ದರೆ ಪ್ಯಾರಾಮೀಟರ್‌ಗಳೆಲ್ಲ ಅಳಿಸಿಹೋಗಬಹುದು.