ರಾತ್ರಿ ಜಾತ್ರೆಯಲ್ಲಿ ತಿರುಗುವ ಜೈಂಟ್ ವೀಲ್‌ನ ಫೋಟೋ ಮಸುಕಾಗಿಯೇ ಬರುತ್ತದೆ. ಏನು ಮಾಡಲಿ?

ಆ ಮಸುಕನ್ನೇ ಬಳಸಿಕೊಳ್ಳಿ. ಕಾಸರಗೋಡಿನ ಕುಂಬಳೆ, ಮಧೂರು ಕಡೆಯ ಜಾತ್ರೆಗಳಲ್ಲಿ ನಾನು ಮಾಡುವುದು ಹೀಗೆ: ಕ್ಯಾಮೆರಾ ಟ್ರೈಪಾಡ್ ಮೇಲೆ, ಐಎಸ್‌ಒ (ಬೆಳಕನ್ನು ಗ್ರಹಿಸುವ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸ್ ತೆರೆದುಕೊಳ್ಳುವ ಅಳತೆ) ಎಫ್/11, ಶಟರ್ (ಬೆಳಕು ಒಳಬರುವ ಸಮಯ) 2 ಸೆಕೆಂಡ್. ತಿರುಗುವ ದೀಪಗಳು ಬೆಳಕಿನ ಬಳೆಗಳಾಗುತ್ತವೆ, ನಿಂತ ಕಂಬ, ಅಂಗಡಿಗಳು ಸ್ಪಷ್ಟವಾಗಿರುತ್ತವೆ. ಬೆಳಕು ಜಾಸ್ತಿ ಅನಿಸಿದರೆ ಎಫ್/16, ಅಂದರೆ ಇನ್ನೂ ಕಿರಿದಾದ ತೆರೆ. ಬಟನ್ ಒತ್ತುವಾಗಿನ ಸಣ್ಣ ಅಲುಗಾಟವೂ ಚಿತ್ರ ಕೆಡಿಸುತ್ತದೆ, ಹಾಗಾಗಿ ಟೈಮರ್ ಹಾಕಿ. ಸೂರ್ಯ ಮುಳುಗಿ ಸುಮಾರು 20 ನಿಮಿಷಕ್ಕೆ ಆಕಾಶ ಕಡುನೀಲಿ ಆಗುತ್ತದಲ್ವಾ, ನನಗೆ ಆ ಹೊತ್ತೇ ತುಂಬ ಇಷ್ಟ.

ಕೂತವರ ಮುಖ ಬೇಕಿದ್ದರೆ ಹಗಲಲ್ಲೇ ಹೋಗಿ, ಶಟರ್ 1/500 ಸೆಕೆಂಡ್ ಇಡಿ. ಮಕ್ಕಳಾದರೆ ಮನೆಯವರನ್ನು ಮೊದಲು ಕೇಳಿ.

ಮೆರ್ರಿ ಗೋ ರೌಂಡ್‌ಗೆ ಶಟರ್ 1/30 ಸೆಕೆಂಡ್ ಸಾಕು. ಕ್ಯಾಮೆರಾದಲ್ಲಿ ಒಂದೇ ಕುದುರೆಯನ್ನು ಹಿಂಬಾಲಿಸುತ್ತ ಸೊಂಟದಿಂದ ತಿರುಗಿ, ಕ್ಲಿಕ್ ಆದ ಮೇಲೂ ನಿಲ್ಲಿಸಬೇಡಿ.